ಡಮಾಸೋ: ಒಂದೇ ಪದದ ಬೋರ್ಡು, ಎಂಟು ವರ್ಷದ ಕೇಸು

ಇಂಟ್ರಾಮುರೋಸ್ ಅಂದ್ರೆ ಮನಿಲಾದ ಹಳೇ ಊರು, ಸ್ಪೇನ್‌ನವರು ಕಟ್ಟಿದ ಕೋಟೆಗೋಡೆಯ ಒಳಗಿರೋ ಊರು, ಮನಿಲಾ ಕ್ಯಾಥೆಡ್ರಲ್ ಇರೋದು ಅಲ್ಲೇ. 2010ರ ಸೆಪ್ಟೆಂಬರ್ 30ರಂದು ಆ ಕ್ಯಾಥೆಡ್ರಲ್‌ನಲ್ಲಿ ಒಂದು ಪ್ರಾರ್ಥನಾ ಸಭೆ ನಡೀತಿತ್ತು. ಬೈಬಲ್ ಜನರಿಗೆ ತಲುಪಿಸೋ ಅಭಿಯಾನವೊಂದರ ಎರಡನೇ ವರ್ಷದ ಕಾರ್ಯಕ್ರಮ, ಹಾಗಾಗಿ ಕ್ಯಾಥೊಲಿಕ್ ಬಿಷಪ್‌ಗಳ ಜೊತೆ ಬೇರೆ ಚರ್ಚಿನವರೂ ಬಂದಿದ್ರು, ಕಾರ್ಡಿನಲ್ ಗೌಡೆನ್ಸಿಯೋ ರೊಸಾಲೆಸ್ ಇದ್ರು, ಪೋಪರ ರಾಯಭಾರಿ ಇದ್ರು, ಮನಿಲಾ ಮೇಯರ್ ಆಲ್ಫ್ರೆಡೋ ಲಿಮ್ ಇದ್ರು. ಸಭೆ ನಡೀತಿರುವಾಗ್ಲೇ ಕರಿ ಕೋಟು, ಗುಂಡನೆ ಬೌಲರ್ ಹ್ಯಾಟು ಹಾಕ್ಕೊಂಡಿದ್ದ ಒಬ್ರು ಆಲ್ಟರ್ ಕಡೆ ನಡ್ಕೊಂಡು ಹೋದ್ರು, ಕೈಲಿದ್ದ ಬೋರ್ಡನ್ನ ಎತ್ತಿ ಹಿಡಿದ್ರು. ಅದ್ರಲ್ಲಿ ಇದ್ದಿದ್ದು ಒಂದೇ ಪದ: ಡಮಾಸೋ. ರಾಜಕೀಯದಲ್ಲಿ ಕೈ ಹಾಕೋದನ್ನ ನಿಲ್ಲಿಸಿ ಅಂತ ಬಿಷಪ್‌ಗಳಿಗೆ ಕೂಗಿ ಹೇಳಿದ್ರು. ಹೊರಗೆ ಎಳ್ಕೊಂಡು ಹೋದ್ರು, ಅರೆಸ್ಟ್ ಆಯ್ತು, ಆ ರಾತ್ರಿ ಲಾಕಪ್ಪಿನಲ್ಲೇ ಕಳೀತು.

ಅವ್ರ ಹೆಸರು ಕಾರ್ಲೋಸ್ ಸೆಲ್ಡ್ರಾನ್. ಇಷ್ಟೇ ಘಟನೆ, ಲೆಕ್ಕ ಹಾಕಿದ್ರೆ ಕೆಲವೇ ನಿಮಿಷದ್ದು. ಆದ್ರೆ ಇದು ನಾಲ್ಕು ಹಂತದ ಕೋರ್ಟುಗಳನ್ನ ಹತ್ತಿ 2018ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯ್ತು, ಕೊನೆಗೆ ಅವ್ರು ದೇಶಾನೇ ಬಿಡಬೇಕಾಯ್ತು. ಫಿಲಿಪೀನ್ಸ್‌ನಲ್ಲಿ ಕಲೆ, ರಾಜಕೀಯ, ಚರ್ಚು ಈ ಮೂರೂ ಎಲ್ಲಿ ಒಂದಕ್ಕೊಂದು ತಾಕುತ್ತೆ ಅಂತ ತಿಳ್ಕೋಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇ ಕೇಸು ನನಗೆ ಗೊತ್ತಿಲ್ಲ, ಅದಕ್ಕೇ ಉದ್ದ ಆದ್ರೂ ಪರವಾಗಿಲ್ಲ ಅಂತ ಪೂರ್ತಿ ಬರೀತಿದೀನಿ.

ಮೊದ್ಲು ಆ ಬಟ್ಟೆ ಮತ್ತು ಆ ಪದದ ವಿಷ್ಯ ಹೇಳ್ಬೇಕು, ಅದು ಗೊತ್ತಿಲ್ದೆ ಇದ್ರೆ ಇದು ಯಾರೋ ಒಬ್ರು ಚರ್ಚಿಗೆ ನುಗ್ಗಿ ಕೂಗಾಡಿದ ಕಥೆ ಥರ ಕಾಣುತ್ತೆ. ಕರಿ ಕೋಟು ಬೌಲರ್ ಹ್ಯಾಟು ಅಂದ್ರೆ ಅಲ್ಲಿ ಸಣ್ಣ ಮಗೂಗೂ ಗೊತ್ತು, ಅದು ಹೊಸೆ ರಿಸಾಲ್. 1861ರಲ್ಲಿ ಹುಟ್ಟಿದ ಕಣ್ಣಿನ ಡಾಕ್ಟರು, ಕಾದಂಬರಿಕಾರ, 1896ರ ಡಿಸೆಂಬರ್ 30ರಂದು ಸ್ಪೇನ್ ಸರ್ಕಾರ ಗುಂಡು ಹೊಡೆದು ಕೊಂದ ರಾಷ್ಟ್ರವೀರ. ಅವ್ರು 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚು ಹಾಕಿಸಿದ ಕಾದಂಬರಿ ‘ನೋಲಿ ಮೆ ತಾಂಖೆರೆ’. ಅದರಲ್ಲಿ ಬರೋ ಫ್ರಾನ್ಸಿಸ್ಕನ್ ಪಾದ್ರಿಯ ಹೆಸರು ಪಾದ್ರೆ ಡಮಾಸೋ. ಊರಿನ ಜನರ ಮೇಲೆ ದರ್ಪ ಮಾಡೋನು, ತನಗೆ ಆಗದಿದ್ದ ಮನುಷ್ಯ ಸತ್ತ ಮೇಲೂ ಬಿಡದೆ, ಹೂತಿದ್ದ ಹೆಣ ಕ್ಯಾಥೊಲಿಕ್ ಸ್ಮಶಾನದಲ್ಲಿ ಇರ್ಬಾರ್ದು ಅಂತ ತೆಗೆಸ್ತಾನೆ, ಹೊತ್ಕೊಂಡು ಹೋಗೋನು ಮಳೇಲಿ ಭಾರ ತಾಳಲಾರ್ದೆ ಅದನ್ನ ಕೆರೆಗೆ ಹಾಕ್ತಾನೆ. ಆ ಸತ್ತವನೇ ಕಥಾನಾಯಕನ ತಂದೆ. ನಾಯಕಿ ಮರಿಯಾ ಕ್ಲಾರಾ ಈ ಪಾದ್ರಿಗೇ ಹುಟ್ಟಿದ ಮಗಳು ಅನ್ನೋದೂ ಮುಂದೆ ಗೊತ್ತಾಗುತ್ತೆ. ಹಾಗಾಗಿ ‘ಡಮಾಸೋ’ ಅಂದ್ರೆ ಅಲ್ಲಿನ ಜನಕ್ಕೆ ಬರೀ ಒಂದು ಪಾತ್ರದ ಹೆಸರಲ್ಲ. ಧರ್ಮದ ಅಂಗಿ ತೊಟ್ಟು ಅಧಿಕಾರ ಚಲಾಯಿಸೋ ಯಾರಿಗೇ ಆದ್ರೂ ಅನ್ವಯ ಆಗೋ ಪದ, ನಾವು ಯಾರನ್ನೋ ಶಕುನಿ ಅಂದ್ರೆ ಮುಂದೆ ಏನೂ ವಿವರಿಸಬೇಕಾಗಿಲ್ವಲ್ಲ ಹಾಗೆ.

ಇನ್ನೊಂದು ವಿಷ್ಯ ಇದೆ, ಈ ಕೇಸಲ್ಲಿ ನನ್ನನ್ನ ಜಾಸ್ತಿ ಕಾಡಿದ್ದು ಅದೇ. 1956ರಲ್ಲಿ ಫಿಲಿಪೀನ್ಸ್ ಸರ್ಕಾರ ಒಂದು ಕಾನೂನು ಮಾಡ್ತು, ರಿಪಬ್ಲಿಕ್ ಆಕ್ಟ್ 1425, ಎಲ್ರೂ ರಿಸಾಲ್ ಲಾ ಅಂತಾರೆ. ಶಾಲೆ ಕಾಲೇಜುಗಳಲ್ಲಿ ರಿಸಾಲ್ ಬದುಕು, ಬರಹ, ಅದರಲ್ಲೂ ಅವ್ರ ಎರಡು ಕಾದಂಬರಿಗಳನ್ನ ಪಾಠ ಮಾಡಲೇಬೇಕು ಅನ್ನೋ ಕಾನೂನು. ಸೆನೆಟರ್ ಕ್ಲಾರೋ ರೆಕ್ಟೋ ಇದರ ಬೆನ್ನಿಗೆ ನಿಂತಿದ್ರು, ಕ್ಯಾಥೊಲಿಕ್ ಚರ್ಚು ಜೋರಾಗಿ ವಿರೋಧ ಮಾಡ್ತು, ಪುಸ್ತಕದಲ್ಲಿ ಚರ್ಚಿನ ನಿಂದನೆ ಇದೆ ಅನ್ನೋದು ಅವ್ರ ತಕರಾರು, ಆದ್ರೂ ಕಾನೂನು ಪಾಸಾಯ್ತು. ಅಂದ್ರೆ ಡಮಾಸೋ ಅನ್ನೋ ಪದವನ್ನ ಪ್ರತಿಯೊಬ್ಬ ಹುಡುಗ ಹುಡುಗಿಯ ತಲೆಗೆ ಹಾಕಿದ್ದು ಸ್ವತಃ ಸರ್ಕಾರ. ಆ ಪದವನ್ನ ಕಲಿತ ಒಬ್ರು, ಆ ಪುಸ್ತಕ ಬರೆದವರ ವೇಷದಲ್ಲೇ, ಬಿಷಪ್‌ಗಳ ಮುಂದೆ ಅದನ್ನ ಎತ್ತಿ ಹಿಡಿದಾಗ ಜೈಲು ಶಿಕ್ಷೆ ಕೊಟ್ಟಿದ್ದೂ ಅದೇ ಸರ್ಕಾರದ ಕೋರ್ಟು.

ಸೆಲ್ಡ್ರಾನ್ ಹಿನ್ನೆಲೆ ಸ್ವಲ್ಪ ಹೇಳ್ತೀನಿ. ಹುಡುಗ ಇದ್ದಾಗ್ಲೇ ಪತ್ರಿಕೆಗೆ ಕಾರ್ಟೂನ್ ಬಿಡಿಸ್ತಿದ್ದವ್ರು, ಆಮೇಲೆ ಕಲೆ ಓದಿ, ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ಗೂ ಹೋಗಿ ಬಂದು, ಮನಿಲಾದಲ್ಲಿ ವಾಕಿಂಗ್ ಟೂರ್ ಶುರು ಮಾಡಿದ್ರು. ಟೂರಿಸ್ಟ್ ಗೈಡ್ ಅಂದ್ರೆ ನಮ್ಮ ತಲೇಲಿ ಬರೋ ಚಿತ್ರ ಬೇರೆ, ಇವ್ರು ಮಾಡ್ತಿದ್ದಿದ್ದು ನಡ್ಕೊಂಡೇ ಆಡೋ ಏಕಪಾತ್ರಾಭಿನಯ. ಇಂಟ್ರಾಮುರೋಸ್ ಗಲ್ಲಿಗಳಲ್ಲಿ ಜನರನ್ನ ಕರ್ಕೊಂಡು ಹೋಗ್ತಾ, ಹ್ಯಾಟು ಬದಲಾಯಿಸ್ತಾ, ಒಂದು ಸಲ ಪಾದ್ರಿ, ಒಂದು ಸಲ ಅಮೆರಿಕನ್ ಸೈನಿಕ ಆಗಿ ಮನಿಲಾದ ಕಥೆ ಹೇಳೋರು, 1945ರ ಯುದ್ಧದಲ್ಲಿ ಇಡೀ ಊರು ನೆಲಸಮ ಆದದ್ದರ ತನಕ. ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್ ಹೆಂಡ್ತಿ ಇಮೆಲ್ಡಾ ಮಾರ್ಕೋಸ್ ಮೇಲೂ ಅವ್ರದ್ದು ಇಂಥದ್ದೇ ಒಂದು ಪ್ರದರ್ಶನ ಇತ್ತು. ಕ್ಯಾಥೆಡ್ರಲ್ ಅವ್ರ ದಿನದ ಹಾದಿಯಲ್ಲೇ ಇದ್ದಿದ್ದು, ರಿಸಾಲ್‌ರನ್ನ ಕೊಲ್ಲೋ ಮುಂಚೆ ಕೂಡಿ ಹಾಕಿದ್ದ ಸ್ಯಾಂಟಿಯಾಗೋ ಕೋಟೆ ಅಲ್ಲಿಂದ ನಡ್ಕೊಂಡು ಹೋಗೋ ದೂರ. ಹಾಗಾಗಿ ಸೆಪ್ಟೆಂಬರ್ 30ರ ಘಟನೆಯನ್ನ ನಾನು ಅವ್ರ ಟೂರಿನ ಇನ್ನೊಂದು ದೃಶ್ಯ ಅಂತಾನೇ ನೋಡ್ತೀನಿ, ಒಂದೇ ವ್ಯತ್ಯಾಸ ಅಂದ್ರೆ ಈ ಸಲ ಪ್ರೇಕ್ಷಕರು ಟಿಕೆಟ್ ತಗೊಂಡು ಬಂದವರಲ್ಲ, ಪ್ರಾರ್ಥನೆಗೆ ಬಂದವರು. ಈ ವ್ಯತ್ಯಾಸ ಸಣ್ಣದಲ್ಲ, ಅದರ ಬಗ್ಗೆ ಮುಂದೆ ಬರ್ತೀನಿ.

ಆ ದಿನಾನೇ ಯಾಕೆ? ಆಗ ದೇಶದಲ್ಲಿ ಕುಟುಂಬ ಯೋಜನೆ ಮಸೂದೆ ಮೇಲೆ ಜಗಳ ಕುದೀತಿತ್ತು, ಅಲ್ಲಿ ಅದನ್ನ ಆರ್‌ಎಚ್ (ರಿಪ್ರೊಡಕ್ಟಿವ್ ಹೆಲ್ತ್) ಬಿಲ್ ಅಂತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧಕ ಮಾತ್ರೆ, ಕಾಂಡೋಮ್, ಸಲಹೆ ಸಿಗ್ಬೇಕು, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಇರ್ಬೇಕು ಅನ್ನೋ ಮಸೂದೆ, ಒಂದು ದಶಕಕ್ಕೂ ಮೇಲೆ ಕಾಂಗ್ರೆಸ್‌ನಲ್ಲಿ, ಅಂದ್ರೆ ಅಲ್ಲಿನ ಸಂಸತ್ತಿನಲ್ಲಿ, ಕೊಳೀತಾ ಬಿದ್ದಿತ್ತು, ಬಿಷಪ್‌ಗಳ ವಿರೋಧ ಅದಕ್ಕೆ ದೊಡ್ಡ ಕಾರಣ. ಮನಿಲಾ ಊರಲ್ಲಂತೂ ಪರಿಸ್ಥಿತಿ ಇನ್ನೂ ಕಷ್ಟ. 2000ದಲ್ಲಿ ಆಗಿನ ಮೇಯರ್ ಲಿಟೋ ಅಟಿಯೆಂಜಾ ಒಂದು ಆದೇಶ ಹೊರಡಿಸಿದ್ರು, ಅದಾದ್ಮೇಲೆ ನಗರದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾತ್ರೆ ಕಾಂಡೋಮ್ ಸಿಗೋದೇ ನಿಂತೋಯ್ತು, ದುಡ್ಡಿರೋರು ಮೆಡಿಕಲ್ ಶಾಪಲ್ಲಿ ತಗೋತಿದ್ರು, ಕೊಳೆಗೇರಿಯ ಹೆಂಗಸ್ರು ಮಕ್ಕಳ ಮೇಲೆ ಮಕ್ಕಳು ಹೆತ್ರು. ಆ ಊರಿನ ಬೀದಿಗಳಲ್ಲಿ ದಿನಾ ಓಡಾಡ್ತಿದ್ದ ಮನುಷ್ಯನಿಗೆ ಇದು ಪೇಪರ್ ಸುದ್ದಿ ಆಗಿರ್ಲಿಲ್ಲ, ಕಣ್ಮುಂದೆ ಕಾಣೋ ವಿಷ್ಯ ಆಗಿತ್ತು. 2010ರ ಸೆಪ್ಟೆಂಬರ್ ಕೊನೆಯಲ್ಲಿ ಹೊಸ ಅಧ್ಯಕ್ಷ ಬೆನಿಗ್ನೋ ಅಕಿನೋ, ಗರ್ಭನಿರೋಧಕ ಬೇಕೋ ಬೇಡ್ವೋ ಅಂತ ದಂಪತಿಗಳೇ ತೀರ್ಮಾನ ಮಾಡ್ಲಿ, ಸರ್ಕಾರ ಸಹಾಯ ಮಾಡುತ್ತೆ ಅನ್ನೋ ಮಾತು ಆಡಿದ್ರು. ಅದಕ್ಕೆ ಬಿಷಪ್‌ಗಳ ಸಮ್ಮೇಳನದ ಅಧ್ಯಕ್ಷರು ಧರ್ಮದಿಂದ ಬಹಿಷ್ಕಾರ ಹಾಕೋ ಸಾಧ್ಯತೆಯ ಮಾತು ಎತ್ತಿದ್ರು. ಚುನಾಯಿತ ಅಧ್ಯಕ್ಷನಿಗೆ ಒಂದು ಮಸೂದೆ ವಿಷ್ಯಕ್ಕೆ ಬಹಿಷ್ಕಾರದ ಮಾತು. ಸೆಲ್ಡ್ರಾನ್ ಬೋರ್ಡು ಹಿಡ್ಕೊಂಡು ಹೋಗಿದ್ದು ಈ ಬಿಸಿಯಲ್ಲೇ.

ಈಗ ಕೇಸಿಗೆ ಬರೋಣ. ಕ್ಯಾಥೆಡ್ರಲ್ ಕಡೆಯಿಂದಾನೇ ದೂರು ದಾಖಲಾಯ್ತು, ಹಾಕಿದ್ದು ಅಲ್ಲಿನ ದಂಡ ಸಂಹಿತೆಯ ಕಲಂ 133. ಈ ಸಂಹಿತೆ 1930ರಲ್ಲಿ ಪಾಸಾಗಿ 1932ರ ಜನವರಿ 1ರಿಂದ ಜಾರಿಗೆ ಬಂದದ್ದು, ಅಮೆರಿಕನ್ನರ ಆಳ್ವಿಕೆ ಕಾಲದ್ದು, ಆದ್ರೆ ಬೇರು ಇರೋದು ಅದಕ್ಕೂ ಹಿಂದಿನ ಸ್ಪೇನ್ ದಂಡ ಸಂಹಿತೆಯಲ್ಲಿ. ಕಲಂ 133 ಹೇಳೋದು ಇಷ್ಟು: ಪೂಜಾ ಸ್ಥಳದಲ್ಲಿ ಅಥವಾ ಧಾರ್ಮಿಕ ವಿಧಿ ನಡೆಯುವಾಗ, ಭಕ್ತರ ಭಾವನೆಗೆ ವಿಪರೀತವಾಗಿ ನೋವಾಗೋ ಕೆಲ್ಸ ಮಾಡಿದ್ರೆ ಜೈಲು. ಧಾರ್ಮಿಕ ಭಾವನೆಗೆ ಧಕ್ಕೆ ಅನ್ನೋ ಮಾತು ನಮಗೇನೂ ಹೊಸದಲ್ಲ, ನಮ್ಮಲ್ಲೂ ಆ ಥರದ ಕಲಂ ಇದೆ, ಆದ್ರೆ ನಮ್ಮ ಹಳೇ ಐಪಿಸಿಯ 295ಎ ಕಲಮಿನಲ್ಲಿ (2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299) ಬೇಕೂಂತ, ದುರುದ್ದೇಶದಿಂದ ಮಾಡಿರ್ಬೇಕು ಅನ್ನೋ ಷರತ್ತು ಕಲಮಿನ ಒಳಗೇ ಬರೆದಿದೆ. ಅಲ್ಲಿನ 133ರಲ್ಲಿ ತೂಕ ಪೂರ್ತಿ ಬೀಳೋದು ನೋವಾಯ್ತಾ ಇಲ್ವಾ ಅನ್ನೋದ್ರ ಮೇಲೆ.

ಮತ್ತೆ ನೋವಾಯ್ತು ಅಂತ ಯಾರು ಹೇಳ್ಬೇಕು? ಇಡೀ ಕೇಸಿನ ಕೀಲಿ ಇರೋದು ಇಲ್ಲೇ. 1939ರ ಒಂದು ಹಳೇ ತೀರ್ಪು ಇದೆ, ಬಾಯೆಸ್ ಕೇಸ್ ಅಂತ ಹೆಸರು. ಲಗುನಾ ಪ್ರಾಂತ್ಯದ ಲುಂಬಾನ್ ಅನ್ನೋ ಊರಲ್ಲಿ ಬೇರೆ ಪಂಗಡದ ಕ್ರೈಸ್ತರು ತಮ್ಮವರೊಬ್ಬರ ಶವಯಾತ್ರೆಯನ್ನ ಕ್ಯಾಥೊಲಿಕ್ ಚರ್ಚಿನ ಅಂಗಳದ ಮೂಲಕ ತಗೊಂಡು ಹೋದ್ರು, ಬೇಡ ಅಂದ್ರೂ ಕೇಳದೆ ಹೋದ್ರು ಅಂತ ಪಾದ್ರಿ ದೂರು ಕೊಟ್ರು. ಕೆಳಗಿನ ಕೋರ್ಟು ಇದರಲ್ಲಿ ಅಪರಾಧ ಏನಿದೆ ಅಂತ ಕೇಸು ಕೈಬಿಟ್ಟಿತ್ತು, ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಒಂದು ಕೆಲ್ಸ ಭಾವನೆಗೆ ನೋವು ಮಾಡುತ್ತಾ ಅನ್ನೋದನ್ನ ಆ ಧರ್ಮದ ಭಕ್ತರ ಕಣ್ಣಿಂದಾನೇ ಅಳೀಬೇಕು, ಬೇರೆ ಧರ್ಮದವರ ಕಣ್ಣಿಂದ ಅಲ್ಲ ಅಂತ ಬಹುಮತ ಹೇಳ್ತು. ಜಸ್ಟಿಸ್ ಲೌರೆಲ್ ಭಿನ್ನಮತ ಬರೆದ್ರು. ಹೆಣ ಹೊತ್ಕೊಂಡು ಒಂದು ಅಂಗಳ ದಾಟಿದ್ದು ಅಪರಾಧ ಆಗ್ಬಹುದು ಅಂತ ಹೇಳಿದ ಆ ಅಳತೆಗೋಲು ಎಪ್ಪತ್ತು ವರ್ಷ ದಾಟಿ ಸೆಲ್ಡ್ರಾನ್ ತಲೆ ಮೇಲೆ ಬಂದು ನಿಂತ್ಕೊಳ್ತು. (ನೋಲಿಯಲ್ಲಿ ಡಮಾಸೋ ಮಾಡಿದ್ದೂ ಹೆಣಕ್ಕೆ ಜಾಗ ಇಲ್ಲ ಅಂದಿದ್ದೇ ಅನ್ನೋದು ಈ ಹಳೇ ತೀರ್ಪು ಓದುವಾಗ ನನಗೆ ನೆನಪಾಗ್ತಾನೇ ಇತ್ತು.)

ಮನಿಲಾದ ಮೆಟ್ರೋಪಾಲಿಟನ್ ಟ್ರಯಲ್ ಕೋರ್ಟು 2012ರ ಡಿಸೆಂಬರ್ 14ರ ತಾರೀಖು ಹಾಕಿ ತೀರ್ಪು ಬರೀತು, ಓದಿ ಹೇಳಿದ್ದು 2013ರ ಜನವರಿ 28ರಂದು. ಅಪರಾಧಿ. ಕನಿಷ್ಠ 2 ತಿಂಗಳು 21 ದಿನ, ಗರಿಷ್ಠ 1 ವರ್ಷ 1 ತಿಂಗಳು 11 ದಿನ ಜೈಲು. ಈ ಎರಡು ತಾರೀಖಿನ ನಡುವೆ ಏನಾಯ್ತು ನೋಡಿ, ಡಿಸೆಂಬರ್ 21ರಂದು ಅಧ್ಯಕ್ಷ ಅಕಿನೋ ಆರ್‌ಎಚ್ ಬಿಲ್‌ಗೆ ಸಹಿ ಹಾಕಿದ್ರು, ಅದು ರಿಪಬ್ಲಿಕ್ ಆಕ್ಟ್ 10354 ಆಯ್ತು. ಯಾವ ಮಸೂದೆಗೋಸ್ಕರ ಬೋರ್ಡು ಎತ್ತಿದ್ರೋ ಆ ಮಸೂದೆ ಗೆದ್ದಿತ್ತು, ಬೋರ್ಡು ಎತ್ತಿದವ್ರು ಮಾತ್ರ ಅಪರಾಧಿ ಆದ್ರು.

ಅಪೀಲು ಹಾಕಿದ್ರು. 2013ರ ಆಗಸ್ಟ್‌ನಲ್ಲಿ ರೀಜನಲ್ ಟ್ರಯಲ್ ಕೋರ್ಟು ಶಿಕ್ಷೆ ಸರಿ ಅಂತು. 2014ರ ಡಿಸೆಂಬರ್‌ನಲ್ಲಿ ಕೋರ್ಟ್ ಆಫ್ ಅಪೀಲ್ಸ್ ಕೂಡ ಸರಿ ಅಂತು. ನಡುವೆ ಒಂದು ಅಪರೂಪದ ಸಂಗತಿ ಆಯ್ತು, ಸರ್ಕಾರದ ಪರವಾಗಿ ವಾದ ಮಾಡ್ಬೇಕಾದ ಸಾಲಿಸಿಟರ್ ಜನರಲ್ ಕಛೇರಿನೇ ಸೆಲ್ಡ್ರಾನ್ ವಾದದ ಕಡೆ ನಿಂತು ಈ ಕಲಂ ಅಭಿವ್ಯಕ್ತಿ ಸ್ವಾತಂತ್ರ್ಯವನ್ನ ಹತ್ತಿಕ್ಕುತ್ತೆ ಅಂತ ಹೇಳ್ತು. ಆದ್ರೂ ಪ್ರಯೋಜನ ಆಗ್ಲಿಲ್ಲ. 2018ರ ಮಾರ್ಚ್ 21ರ ತಾರೀಖಿನ ಆದೇಶದಲ್ಲಿ ಸುಪ್ರೀಂ ಕೋರ್ಟು ಅವ್ರ ಅರ್ಜಿ ತಳ್ಳಿಹಾಕ್ತು, ಸುದ್ದಿ ಹೊರಗೆ ಬಂದಿದ್ದು ಆಗಸ್ಟ್‌ನಲ್ಲಿ. ಕಲಂ 133 ಸಂವಿಧಾನಕ್ಕೆ ಹೊಂದುತ್ತಾ ಅನ್ನೋ ದೊಡ್ಡ ಪ್ರಶ್ನೆ ಮೇಲೆ ಜನ ಕಾದಿದ್ದ ಥರದ ವಿಸ್ತಾರವಾದ ತೀರ್ಪು ಬರ್ಲೇ ಇಲ್ಲ. 1987ರ ಸಂವಿಧಾನದ ಮೂರನೇ ಭಾಗದ 4ನೇ ಸೆಕ್ಷನ್ ಓದಿದ್ರೆ ಮಾತಿನ, ಅಭಿವ್ಯಕ್ತಿಯ, ಪತ್ರಿಕೆಯ ಸ್ವಾತಂತ್ರ್ಯವನ್ನ ಮೊಟಕು ಮಾಡೋ ಯಾವ ಕಾನೂನನ್ನೂ ಮಾಡೋ ಹಾಗಿಲ್ಲ ಅಂತ ಇದೆ, ಎರಡನೇ ಭಾಗದ 6ನೇ ಸೆಕ್ಷನ್‌ನಲ್ಲಿ ಚರ್ಚು ಬೇರೆ ಸರ್ಕಾರ ಬೇರೆ, ಈ ಗೆರೆ ದಾಟೋ ಹಾಗಿಲ್ಲ ಅಂತಾನೂ ಇದೆ. ಮಾರ್ಕೋಸ್ ಸರ್ವಾಧಿಕಾರ ಮುಗಿದ ಮೇಲೆ ಬರೆದ ಸಂವಿಧಾನ ಅದು, ಆ ಪದಗಳ ಹಿಂದೆ ಜೈಲಿಗೆ ಹೋದವರು, ಕಾಣೆಯಾದವರು ಇದ್ದಾರೆ. ಅಂಥ ಸಂವಿಧಾನದ ಕೆಳಗೆ 1930ರ ಕಲಂ ಹಾಗೇ ಉಳ್ಕೊಂಡಿದೆ.

ಇಲ್ಲಿ ನಾನು ಒಂದು ಕಡೆ ಮಾತ್ರ ಹೇಳಿದ್ರೆ ತಪ್ಪಾಗುತ್ತೆ. ಚರ್ಚಿನವರ ನೋವು ಸುಳ್ಳು ಅಂತ ನಾನು ಹೇಳಲ್ಲ. ಪ್ರಾರ್ಥನೆಗೆ ಕೂತಿರೋ ಜನ ಅಲ್ಲಿಗೆ ಯಾವ ಮಸೂದೆ ಚರ್ಚೆ ಮಾಡೋಕೂ ಬಂದಿರ್ಲಿಲ್ಲ, ಅವ್ರ ಮುಂದೆ ಬಂದು ಒಬ್ರು ಕೂಗಿದ್ರೆ ಎದೆ ಧಸಕ್ ಅನ್ನುತ್ತೆ, ದುಃಖ ಆಗುತ್ತೆ, ಅದು ಸಹಜ. ಸೆಲ್ಡ್ರಾನ್‌ಗೂ ಅದು ಅರ್ಥ ಆಗಿತ್ತು, ಪ್ರಾರ್ಥನೆಗೆ ಅಡ್ಡಿ ಮಾಡಿದ್ದಕ್ಕೆ ಕ್ಷಮೆ ಕೇಳಿದ್ರು, ಚರ್ಚಿನ ಕಡೆಯವರೂ ಕ್ಷಮಿಸಿದ್ದೀವಿ ಅಂದ್ರು, ಆದ್ರೆ ಕೇಸು ಸರ್ಕಾರದ್ದು ಅನ್ನೋ ಮಾತಿನ ಮೇಲೆ ಮುಂದುವರೀತು. ಮತ್ತೆ ಚರ್ಚು ರಾಜಕೀಯಕ್ಕೆ ಬರಲೇಬಾರ್ದು ಅನ್ನೋದೂ ಫಿಲಿಪೀನ್ಸ್‌ನಲ್ಲಿ ಸುಲಭವಾಗಿ ಹೇಳೋ ಮಾತಲ್ಲ. 1986ರ ಫೆಬ್ರವರಿಯಲ್ಲಿ, ಮಾರ್ಕೋಸ್‌ನ ಅಧಿಕಾರದಿಂದ ಇಳಿಸಿದ ಚಳವಳಿಯಲ್ಲಿ, ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್ ಚರ್ಚಿನ ರೇಡಿಯೋ ವೆರಿತಾಸ್‌ನಲ್ಲಿ ಜನರನ್ನ ಬೀದಿಗೆ ಕರೀದೇ ಇದ್ದಿದ್ರೆ ಎಡ್ಸಾ ರಸ್ತೆಯಲ್ಲಿ ಟ್ಯಾಂಕುಗಳ ಮುಂದೆ ಜಪಮಾಲೆ ಹಿಡಿದು ಕೂತ ಆ ಜನಸಾಗರ ಅಷ್ಟು ಬೇಗ ಸೇರ್ತಿತ್ತಾ? ಇವತ್ತಿನ ಸ್ವಾತಂತ್ರ್ಯದ ಸಂವಿಧಾನ ಬಂದಿದ್ದರಲ್ಲಿ ಸನ್ಯಾಸಿನಿಯರ, ಪಾದ್ರಿಗಳ ಪಾಲೂ ಇದೆ. ಹಾಗಾಗಿ ಸೆಲ್ಡ್ರಾನ್ ಕೂಗಿದ ವಾಕ್ಯವನ್ನ ನಾನು ಪೂರ್ತಿ ಒಪ್ಪಲ್ಲ. ಬಿಷಪ್‌ಗಳೂ ಪ್ರಜೆಗಳೇ, ಅವ್ರಿಗೂ ರಾಜಕೀಯ ಮಾತಾಡೋ ಹಕ್ಕಿದೆ. ಅದೇ ಹಕ್ಕು ಅವ್ರಿಗೆ ಉತ್ತರ ಕೊಡೋರಿಗೂ ಇರ್ಬೇಕಲ್ವಾ ಅನ್ನೋದು ನನ್ನ ಪ್ರಶ್ನೆ.

ಈ ಪ್ರಶ್ನೆ ನಾನು ಗಾಳಿಯಲ್ಲಿ ಕೇಳ್ತಿಲ್ಲ, ಇದಕ್ಕೆ ಜೋಡಿ ಆಗೋ ಇನ್ನೊಂದು ಬೋರ್ಡಿನ ಕೇಸು ಅದೇ ದೇಶದಲ್ಲಿ, ಅದೇ ಆರ್‌ಎಚ್ ಕಾನೂನಿನ ಜಗಳದಲ್ಲೇ ಇದೆ. 2013ರ ಚುನಾವಣೆ ಮುಂಚೆ ಬಾಕೊಲೋದ್ ಊರಿನ ಸಾನ್ ಸೆಬಾಸ್ಟಿಯನ್ ಕ್ಯಾಥೆಡ್ರಲ್‌ನ ಹೊರಗೋಡೆ ಮೇಲೆ ಚರ್ಚಿನವರು ದೊಡ್ಡ ಟಾರ್ಪಾಲಿನ್ ಬ್ಯಾನರ್ ಕಟ್ಟಿದ್ರು, 6 ಅಡಿಗೆ 10 ಅಡಿ. ಅದರಲ್ಲಿ ಎರಡು ಪಟ್ಟಿ: ‘ಟೀಮ್ ಬುಹಾಯ್’ ಅಂದ್ರೆ ಬದುಕಿನ ತಂಡ, ‘ಟೀಮ್ ಪತಾಯ್’ ಅಂದ್ರೆ ಸಾವಿನ ತಂಡ. ಆರ್‌ಎಚ್ ಕಾನೂನನ್ನ ವಿರೋಧಿಸಿದ ಅಭ್ಯರ್ಥಿಗಳ ಹೆಸರು ಬದುಕಿನ ಕಡೆ, ಬೆಂಬಲಿಸಿದವರ ಹೆಸರು ಸಾವಿನ ಕಡೆ. ಚುನಾವಣಾ ಆಯೋಗ ಇದು 2 ಅಡಿಗೆ 3 ಅಡಿ ಅನ್ನೋ ಮಿತಿ ಮೀರಿದೆ ತೆಗೀರಿ ಅಂತು, ಬಿಷಪ್ ಕೋರ್ಟಿಗೆ ಹೋದ್ರು. 2015ರ ಜನವರಿ 21ರಂದು ಸುಪ್ರೀಂ ಕೋರ್ಟು ಚರ್ಚಿನ ಪರ ತೀರ್ಪು ಕೊಡ್ತು, ಜಸ್ಟಿಸ್ ಲಿಯೊನೆನ್ ಬರೆದ ತೀರ್ಪು, ಬ್ಯಾನರಿನ ಸೈಜು ಕೂಡ ಅಭಿವ್ಯಕ್ತಿಯ ಭಾಗ, ಸಾಮಾನ್ಯ ಪ್ರಜೆಯ ರಾಜಕೀಯ ಮಾತನ್ನ ಅಳತೆಪಟ್ಟಿ ಹಿಡಿದು ಕಟ್ಟಿಹಾಕೋ ಹಾಗಿಲ್ಲ ಅನ್ನೋದು ಅದರ ಸಾರ. ನಾನು ಈ ತೀರ್ಪನ್ನ ಮನಸಾರೆ ಒಪ್ತೀನಿ. ಮನುಷ್ಯರನ್ನ ಹೆಸರಿಟ್ಟು ಸಾವಿನ ತಂಡ ಅಂತ ಕರೆದ ಬ್ಯಾನರು ಎಷ್ಟೇ ಕಠೋರ ಆಗಿದ್ರೂ ಅದು ರಾಜಕೀಯ ಅಭಿಪ್ರಾಯ, ಅದಕ್ಕೆ ರಕ್ಷಣೆ ಸಿಗಲೇಬೇಕು. ಆದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಥೆಡ್ರಲ್ ಗೋಡೆ ಹೊರಗೆ ಕಟ್ಟಿದ 60 ಚದರ ಅಡಿ ಬ್ಯಾನರು ಅಭಿವ್ಯಕ್ತಿ, ಕ್ಯಾಥೆಡ್ರಲ್ ಒಳಗೆ ಒಬ್ರು ಕೈಲಿ ಹಿಡಿದ ಒಂದು ಪದ ಅಪರಾಧ. ಸಾವಿನ ತಂಡ ಅಂತ ಕರೆಸ್ಕೊಂಡವರ ನೋವನ್ನ ಅವ್ರ ಕಣ್ಣಿಂದ ಅಳೆಯೋ ಕಲಂ ಯಾವುದೂ ಇಲ್ಲ.

ಒಳಗೆ ಹೊರಗೆ ಅನ್ನೋ ವ್ಯತ್ಯಾಸಾನೇ ಮುಖ್ಯ ಅಂತ ಕೆಲವರು ಹೇಳ್ತಾರೆ, ಅದರಲ್ಲಿ ಹುರುಳಿದೆ. ಸೆಲ್ಡ್ರಾನ್ ಅದೇ ಬೋರ್ಡನ್ನ ಕ್ಯಾಥೆಡ್ರಲ್ ಎದುರಿನ ಪ್ಲಾಜಾದಲ್ಲಿ ಹಿಡಿದಿದ್ರೆ ಕೇಸೇ ಆಗ್ತಿರ್ಲಿಲ್ವೇನೋ, ಆದ್ರೆ ಆ ಬೋರ್ಡನ್ನ ನೋಡ್ಬೇಕಾದವರು ಒಳಗಿದ್ರು, ಪ್ರದರ್ಶನ ಕಲೆಯಲ್ಲಿ ಜಾಗಾನೇ ಅರ್ಧ ಕೃತಿ. ಪ್ರಾರ್ಥನೆಗೆ ಅಡ್ಡಿ ಮಾಡಿದ್ದು ತಪ್ಪು ಅಂತಾನೇ ಇಟ್ಕೊಳ್ಳಿ, ಅದಕ್ಕೆ ಒಂದು ದಂಡ ಹಾಕಿ ಮುಗಿಸಿದ್ರೆ ನಾನು ಈ ಲೇಖನ ಬರೀತಿರ್ಲಿಲ್ಲ. ಗದ್ದಲಕ್ಕೆ ಶಿಕ್ಷೆ ಕೊಡೋದು ಬೇರೆ, ಮಾತಿನ ಅರ್ಥಕ್ಕೆ ಶಿಕ್ಷೆ ಕೊಡೋದು ಬೇರೆ. ಗದ್ದಲ ಆಗಿದ್ರೆ ಯಾರೇ ಆದ್ರೂ ಸಾಕ್ಷಿ ಹೇಳ್ಬಹುದು, ಎಷ್ಟು ಹೊತ್ತು, ಎಷ್ಟು ಜೋರು ಅಂತ ಅಳೀಬಹುದು. ನೋವನ್ನ ನೊಂದವರೇ ಅಳೀಬೇಕು ಅಂದ್ಬಿಟ್ರೆ ಆರೋಪಿಗೆ ಹೇಳೋಕೆ ಏನೂ ಉಳಿಯಲ್ಲ, ಅವ್ನು ನನಗೆ ಆ ಉದ್ದೇಶ ಇರ್ಲಿಲ್ಲ ಅಂದ್ರೂ, ನಾನು ನಮ್ಮ ಪಠ್ಯಪುಸ್ತಕದ ಪದಾನೇ ಹೇಳಿದ್ದು ಅಂದ್ರೂ ತೀರ್ಮಾನ ಅಲ್ಲಿಗೇ ಮುಗೀತು.

ಇದೇ ಕಾಲದ ಇನ್ನೊಂದು ಕೇಸು ಚಿಕ್ಕದಾಗಿ ಹೇಳ್ಬೇಕು, ಯಾಕಂದ್ರೆ ಜಾಗ ಬೇರೆ ಆದ್ರೆ ಫಲಿತಾಂಶ ಹೇಗೆ ಬೇರೆ ಆಗುತ್ತೆ ಅನ್ನೋದು ಅದರಿಂದ ಕಾಣುತ್ತೆ. 2011ರ ಜೂನ್‌ನಲ್ಲಿ ಕಲ್ಚರಲ್ ಸೆಂಟರ್ ಆಫ್ ದಿ ಫಿಲಿಪೀನ್ಸ್‌ನಲ್ಲಿ ‘ಕುಲೋ’ ಅನ್ನೋ ಪ್ರದರ್ಶನ ಶುರು ಆಯ್ತು, ಕುಲೋ ಅಂದ್ರೆ ಕುದಿ. ರಿಸಾಲ್ ಹುಟ್ಟಿ 150 ವರ್ಷ, ಅವ್ರು ಓದಿದ ಸಾಂಟೋ ಟೊಮಾಸ್ ವಿಶ್ವವಿದ್ಯಾಲಯಕ್ಕೆ 400 ವರ್ಷ ಅನ್ನೋ ನೆಪದಲ್ಲಿ 32 ಕಲಾವಿದರು ಸೇರಿ ಮಾಡಿದ್ದು. ಅದರಲ್ಲಿ ಮಿಡಿಯೋ ಕ್ರೂಸ್ ಅವ್ರ ‘ಪೊಲೆಟೆಯಿಸ್ಮೋ’ ಅನ್ನೋ ಕೃತಿ ಇತ್ತು, ಗೋಡೆ ತುಂಬ ಯೇಸು, ಮೇರಿ, ಸಂತರ ಚಿತ್ರ, ರಾಜಕಾರಣಿಗಳ ಪೋಸ್ಟರು, ಜಾಹೀರಾತು, ಮಿಕ್ಕಿ ಮೌಸ್ ಎಲ್ಲ ಅಂಟಿಸಿದ್ದು, ಕೆಲವು ಕಡೆ ಕಾಂಡೋಮು, ಮರದ ಶಿಶ್ನ. ಜನ ಏನನ್ನೆಲ್ಲ ದೇವರು ಮಾಡ್ಕೊಂಡಿದ್ದಾರೆ ಅನ್ನೋದು ಕೃತಿಯ ವಿಷ್ಯ. ಹಿಂದೆ ಬೇರೆ ಕಡೆ ತೋರಿಸಿದಾಗ ಇಷ್ಟು ಗಲಾಟೆ ಆಗಿರ್ಲಿಲ್ಲ, ಈ ಸಲ ಟಿವಿಯಲ್ಲಿ ಬಂದ ಮೇಲೆ ಬೆಂಕಿ ಹತ್ಕೊಂಡಿತು. ಆಗಸ್ಟ್ ಮೊದಲ ವಾರ ಯಾರೋ ಬಂದು ಕೃತಿಯನ್ನ ಹಾಳು ಮಾಡಿದ್ರು, ಬೆಂಕಿ ಹಚ್ಚೋಕೂ ನೋಡಿದ್ರು, ಬೆದರಿಕೆ ಬಂತು, ಇಮೆಲ್ಡಾ ಮಾರ್ಕೋಸ್ ಖಂಡಿಸಿದ್ರು, ಗರ್ಭನಿರೋಧಕದ ವಿಷ್ಯದಲ್ಲಿ ಬಿಷಪ್‌ಗಳಿಗೆ ಎದುರು ನಿಂತಿದ್ದ ಅಧ್ಯಕ್ಷ ಅಕಿನೋ ಕೂಡ ಯಾವ ಸ್ವಾತಂತ್ರ್ಯವೂ ಮಿತಿ ಇಲ್ಲದ್ದಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿದ್ರು. ಆಗಸ್ಟ್ 9ಕ್ಕೆ ಪ್ರದರ್ಶನ ಮುಚ್ಚಿದ್ರು, ದೃಶ್ಯಕಲಾ ವಿಭಾಗದ ಮುಖ್ಯಸ್ಥೆ ಕಾರೆನ್ ಒಕಾಂಪೋ ಫ್ಲೋರೆಸ್ ರಾಜೀನಾಮೆ ಕೊಟ್ರು. ಸೆನೆಟ್‌ನಲ್ಲಿ ವಿಚಾರಣೆ ಆಯ್ತು, ಒಂಬುಡ್ಸ್‌ಮನ್ (ನಮ್ಮ ಲೋಕಾಯುಕ್ತದ ಥರದ ಸಂಸ್ಥೆ) ಮುಂದೆ ದೂರು ಬಿತ್ತು. ಆದ್ರೆ ಗ್ಯಾಲರಿ ಪೂಜಾ ಸ್ಥಳ ಅಲ್ವಲ್ಲ, ಕಲಂ 133 ಹಾಕೋಕೆ ಆಗ್ಲಿಲ್ಲ, ಅಶ್ಲೀಲ ಪ್ರದರ್ಶನದ ಕಲಂ 201 ಹಿಡ್ಕೊಂಡ್ರು, ಒಂಬುಡ್ಸ್‌ಮನ್ ಅದನ್ನ ವಜಾ ಮಾಡ್ತು. ಕಾನೂನಿನಲ್ಲಿ ಕಲಾವಿದ ಉಳ್ಕೊಂಡ್ರು, ಕೃತಿ ಮಾತ್ರ ಗೋಡೆ ಮೇಲೆ ಉಳೀಲಿಲ್ಲ. ಸೆಲ್ಡ್ರಾನ್ ಕಥೆ ತಿರುಗಾಮುರುಗ, ಅವ್ರ ‘ಡಮಾಸೋ’ ಜನರ ಬಾಯಲ್ಲಿ ಉಳೀತು, ಅವ್ರು ಉಳ್ಕೊಳ್ಳಲಿಲ್ಲ.

ಆ ಪದ ಹೇಗೆ ಉಳೀತು ಅನ್ನೋದನ್ನೂ ಹೇಳ್ಬೇಕು. ಅರೆಸ್ಟ್ ಆದ ರಾತ್ರಿಯಿಂದಾನೇ ಫೇಸ್‌ಬುಕ್‌ನಲ್ಲಿ ಅವ್ರನ್ನ ಬಿಡಿ ಅಂತ ಪೇಜ್ ಶುರು ಆಗಿ ಸಾವಿರಾರು ಜನ ಸೇರಿದ್ರು. ಶಾಲೇಲಿ ಪರೀಕ್ಷೆಗೆ ಓದಿ ಮರೆತಿದ್ದ ಪದ ಮತ್ತೆ ಜೀವ ತಗೊಳ್ತು, ಆರ್‌ಎಚ್ ಚರ್ಚೆಯಲ್ಲಿ ಬಿಷಪ್‌ಗಳನ್ನ ಟೀಕೆ ಮಾಡೋರೆಲ್ಲ ಡಮಾಸೋ ಅನ್ನೋಕೆ ಶುರು ಮಾಡಿದ್ರು. ಅದನ್ನ ಕೇಳಿ ನೊಂದ ಪಾದ್ರಿಗಳಲ್ಲಿ ಬಡವರ ನಡುವೆ ಬದುಕು ಸವೆಸಿದವರೂ ಇರ್ತಾರೆ, ಅವ್ರನ್ನೂ ಒಂದೇ ಪದದಲ್ಲಿ ಕಟ್ಟಿಹಾಕೋದು ನ್ಯಾಯ ಅಲ್ಲ. ರಿಸಾಲ್ ಕೂಡ ಎಲ್ಲ ಪಾದ್ರಿಗಳನ್ನೂ ಒಂದೇ ಥರ ನೋಡಿದವರಲ್ಲ, ತಮ್ಮ ಎರಡನೇ ಕಾದಂಬರಿಯನ್ನ 1872ರಲ್ಲಿ ಸ್ಪೇನ್ ಸರ್ಕಾರ ಗಾರೋಟ್ ಹಾಕಿ, ಅಂದ್ರೆ ಕಬ್ಬಿಣದ ಪಟ್ಟಿಯಿಂದ ಕತ್ತು ಬಿಗಿದು, ಕೊಂದ ಮೂವರು ಪಾದ್ರಿಗಳಿಗೇ ಅರ್ಪಿಸಿದ್ದಾರೆ.

2018ರಲ್ಲೇ, ಅಂದ್ರೆ ಕೇಸು ಸೋಲೋ ವರ್ಷಾನೇ, ಸೆಲ್ಡ್ರಾನ್ ಇಂಟ್ರಾಮುರೋಸ್ ಒಳಗೆ ಮನಿಲಾ ಬಿನಾಲೆ ಅನ್ನೋ ಕಲಾ ಉತ್ಸವ ಮಾಡಿದ್ರು. ಯುದ್ಧದಲ್ಲಿ ಸತ್ತುಹೋದ ಊರಿಗೆ ಕಲೆಯಿಂದ ಉಸಿರು ಕೊಡ್ಬೇಕು ಅನ್ನೋದು ಅವ್ರ ಹಂಬಲ, ತಾನು ಅಪರಾಧಿ ಆದ ಅದೇ ಗೋಡೆಗಳ ಒಳಗೇ ಅದನ್ನ ಮಾಡಿದ್ರು. ಆಮೇಲೆ ಜೈಲು ಬಾಗಿಲ ತನಕ ಬಂದಾಗ 2019ರ ಶುರುವಲ್ಲಿ ಸ್ಪೇನ್‌ಗೆ ಹೊರಟುಹೋದ್ರು.

ಕಲಂ 133 ಇವತ್ತಿಗೂ ಇದೆ. ಕಲಂ 201 ಕೂಡ ಮೂಲೆಯಲ್ಲಿ ಬಿದ್ದಿಲ್ಲ. 2023ರಲ್ಲಿ ಪುರಾ ಲೂಕಾ ವೆಗಾ ಅನ್ನೋ ಡ್ರ್ಯಾಗ್ ಕಲಾವಿದರು (ಡ್ರ್ಯಾಗ್ ಅಂದ್ರೆ ಗಂಡು ಹೆಣ್ಣಿನ ಗೆರೆ ಮೀರಿದ ಅಬ್ಬರದ ವೇಷ ಹಾಕಿ ಆಡೋ ಕಲೆ) ಯೇಸುವಿನ ವೇಷದಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯ ರಾಕ್ ಹಾಡಿಗೆ ಕುಣಿದ ವಿಡಿಯೋ ಹರಡಿತು, ಊರಿಂದ ಊರಿಗೆ ನಗರಸಭೆಗಳು ಅವ್ರು ನಮ್ಮಲ್ಲಿಗೆ ಬೇಡದ ವ್ಯಕ್ತಿ ಅಂತ ಠರಾವು ಮಾಡಿದ್ವು, ಅಕ್ಟೋಬರ್‌ನಲ್ಲಿ ಅರೆಸ್ಟ್ ಆಯ್ತು. ಅಲ್ಲೂ ಹಿಡಿದಿದ್ದು 201ನ್ನೇ, ಯಾಕಂದ್ರೆ ಕುಣಿದ ಜಾಗ ಚರ್ಚು ಆಗಿರ್ಲಿಲ್ಲ.

ಮ್ಯಾಡ್ರಿಡ್‌ನಲ್ಲೂ ಸೆಲ್ಡ್ರಾನ್ ತಮ್ಮ ಕೆಲ್ಸ ಬಿಡ್ಲಿಲ್ಲ, ರಿಸಾಲ್ ವಿದ್ಯಾರ್ಥಿಯಾಗಿ ಓಡಾಡಿದ ಬೀದಿಗಳಲ್ಲಿ ಜನರನ್ನ ಕರ್ಕೊಂಡು ಹೋಗಿ ಕಥೆ ಹೇಳ್ತಿದ್ರು. 2019ರ ಅಕ್ಟೋಬರ್ 8ರಂದು ಅಲ್ಲೇ ತೀರ್ಕೊಂಡ್ರು, 46 ವರ್ಷ. ರಿಸಾಲ್ ನೋಲಿ ಬರೆಯೋಕೆ, ಪಾದ್ರೆ ಡಮಾಸೋನ ಕಾಗದದ ಮೇಲೆ ಇಳಿಸೋಕೆ ಶುರು ಮಾಡಿದ್ದು ಅದೇ ಊರಲ್ಲಿ, 1884ರಲ್ಲಿ.